ಹಳೇ ಜಾವಾಕ್ಕೆ ಒಳ್ಳೇ ಲೇತ್ ಮೇಸ್ತ್ರಿ ಬೇಕಾಗಿದ್ದಾರೆ

ದಸರಾ ರಜೆಗೆ ಕಳಸದ ಹತ್ತಿರದ ನಮ್ಮ ಮನೆಗೆ ಬಂದಿದ್ದ ಮೊಮ್ಮಗಳು ಒಂದು ಮಧ್ಯಾಹ್ನ ಸೌದೆ ಕೊಟ್ಟಿಗೆಯಿಂದ ಓಡಿ ಬಂದಳು. ಅವಳು ಏಳನೇ ಕ್ಲಾಸು.

"ಅಜ್ಜಾ, ಗೋಣಿಚೀಲದ ಕೆಳಗೆ ಒಂದು ಕೆಂಪು ಬೈಕ್ ಇದೆ. ಆದ್ರೆ ಅದಕ್ಕೆ ಕಿಕ್ಕರ್ರೇ ಇಲ್ಲ!"

ಕಿಕ್ಕರ್ ಇತ್ತು. ಜಾವಾ ಗಾಡಿಯಲ್ಲಿ ಗೇರ್ ಹಾಕುವ ಸನ್ನೆಯೇ ಕಿಕ್ಕರ್. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ ಹೊಡೆಯಬಹುದು. ಸ್ಟಾರ್ಟ್ ಆದ ಮೇಲೆ ಅದೇ ಸನ್ನೆ ಕೆಳಗೆ ಬಂದು ಗೇರ್ ಆಗುತ್ತದೆ. ತೋರಿಸೋಣವೆಂದು ನಾನೇ ಕಾಲಿಟ್ಟು ತುಳಿದೆ. ಕಲ್ಲಿನ ಮೇಲೆ ಕಾಲಿಟ್ಟ ಹಾಗಾಯಿತು. ಒಂದಿಂಚೂ ಅಲುಗಲಿಲ್ಲ.

"ಇದು ಯಾಕೆ ಹೀಗಾಯ್ತು?" ಎಂದಳು. ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಇಪ್ಪತ್ತು ವರ್ಷದಿಂದ ಯಾರ ಹತ್ತಿರವೂ ಹೇಳಿರಲಿಲ್ಲ, ಅಷ್ಟೆ.

ಮೈಸೂರಿನಲ್ಲಿ ಹುಟ್ಟಿದ ಗಾಡಿ

ಜಾವಾ ಮೂಲದಲ್ಲಿ ಜೆಕ್ ದೇಶದ ಗಾಡಿ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿನ್ಯಾಸವನ್ನು ಕೊಂಡು ತಯಾರಿಕೆ ಶುರುಮಾಡಿದ. ತನ್ನ ಹೆಸರಿನ ಮೊದಲ ಎರಡಕ್ಷರ, ವಾಂಡರರ್‌ನ ಮೊದಲ ಎರಡಕ್ಷರ ಸೇರಿಸಿ 'ಜಾವಾ' ಎಂದು ಹೆಸರಿಟ್ಟ. ಭಾರತದಲ್ಲಿ ಇದನ್ನು ತಯಾರಿಸಲು ಇರಾನಿ ಕುಟುಂಬದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಅಲ್ಲಿಂದ ಗಾಡಿಗಳು ಹೊರಬರತೊಡಗಿದವು. ಮುಂದೆ ಅದೇ ಕಾರ್ಖಾನೆ ಇರಾನಿನ ಯಜ್ದ್ ಪಟ್ಟಣದ ನೆನಪಿನಲ್ಲಿ 'ಯೆಜ್ಡಿ' ಎಂಬ ಹೆಸರಿನಲ್ಲಿ ಗಾಡಿ ಮಾಡಿತು. ನಮ್ಮ ಮಲೆನಾಡಿನ ಏರು ದಾರಿಗೆ, ಕೆಸರಿಗೆ, ಹಿಂದಿನ ಸೀಟಿನಲ್ಲಿ ಗೊಬ್ಬರದ ಚೀಲ ಹೊರುವುದಕ್ಕೆ ಇವು ಹೇಳಿಮಾಡಿಸಿದಂತಿದ್ದವು.

ನಮ್ಮಪ್ಪ ಜಾವಾ ಕೊಂಡದ್ದು 1969ರಲ್ಲಿ. ಮೂಡಿಗೆರೆ, ಬಾಳೆಹೊನ್ನೂರು, ಚಿಕ್ಕಮಗಳೂರು ಎಲ್ಲಾ ಕಡೆಗೂ ಅದರಲ್ಲೇ ಓಡಾಟ. ನನ್ನ ತಂಗಿಗೆ ಜ್ವರ ಏರಿದ ಒಂದು ರಾತ್ರಿ ಸುರಿಯುವ ಮಳೆಯಲ್ಲಿ ಆಸ್ಪತ್ರೆಗೆ ಒಯ್ದದ್ದೂ ಅದೇ ಗಾಡಿ.

ಮೈಸೂರಿನ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂದಿತಾದರೂ ಅದರ ಎಂಜಿನ್ನೇ ಬೇರೆ. ಹೊಸದರ ಪಿಸ್ಟನ್ನು ಹಳೆಯದಕ್ಕೆ ಕೂರುವುದಿಲ್ಲ. ಹಾಗಾಗಿ ಹಳೇ ಜಾವಾ, ಯೆಜ್ಡಿ ಇಟ್ಟುಕೊಂಡವರಿಗೆ ಎರಡೇ ದಾರಿ. ಎಲ್ಲೋ ಉಳಿದ ಅಥವಾ ಬೇರೆಯವರು ಮಾಡಿದ ಬಿಡಿಭಾಗ ಹುಡುಕಬೇಕು. ಇಲ್ಲವೇ ಇರುವ ಭಾಗವನ್ನೇ ಲೇತ್ ಮೇಸ್ತ್ರಿಯ ಕೈಗೆ ಕೊಟ್ಟು ಸರಿಮಾಡಿಸಬೇಕು. ಎರಡನೆಯದರಲ್ಲೇ ಅಪಾಯ ಹೆಚ್ಚು. ಯಾಕೆಂದರೆ ಕೆತ್ತಿ ತೆಗೆದ ಕಬ್ಬಿಣವನ್ನು ಮತ್ತೆ ಅಂಟಿಸಲಾಗದು.

ಎರಡೂವರೆ ಹಾಳೆಯ ಲೆಕ್ಕ

ಮೊಮ್ಮಗಳಿಗೆ ಎಂಜಿನ್ ಅರ್ಥವಾಗಲೆಂದು ಸೈಕಲ್ ಪಂಪು ತಂದೆ. ಪಂಪಿನ ಕೊಳವೆಯೊಳಗೆ ವಾಷರ್ ಮೇಲೆ ಕೆಳಗೆ ಓಡಾಡುವ ಹಾಗೆ, ಎಂಜಿನ್ನಿನ ಬ್ಲಾಕಿನೊಳಗೆ ಪಿಸ್ಟನ್ ಓಡಾಡುತ್ತದೆ. ಬ್ಲಾಕ್ ಎಂದರೆ ಬೀಡು ಕಬ್ಬಿಣದ ದಪ್ಪ ಕೊಳವೆ. ಜಾವಾ 250ರಲ್ಲಿ ಆ ಕೊಳವೆಯ ಒಳ ಅಗಲ 65 ಮಿಲಿಮೀಟರ್. ಪಿಸ್ಟನ್ ಓಡುವ ದೂರ 75 ಮಿಲಿಮೀಟರ್. ಮಕ್ಕಳೇ, ಗಣಿತದ ಪುಸ್ತಕದಲ್ಲಿರುವ ಸಿಲಿಂಡರಿನ ಘನಫಲದ ಸೂತ್ರಕ್ಕೆ ಈ ಎರಡು ಸಂಖ್ಯೆ ಹಾಕಿ ನೋಡಿ. 250 ಸಿಸಿಗೆ ತುಸು ಕಡಿಮೆ ಬರುತ್ತದೆ. '250 ಸಿಸಿ ಗಾಡಿ' ಎನ್ನುವುದು ಇದಕ್ಕೇ.

ಸಾವಿರಾರು ಕಿಲೋಮೀಟರ್ ಓಡಿದ ಮೇಲೆ ಕೊಳವೆಯ ಒಳಮೈ ಸವೆಯುತ್ತದೆ. ಆಗ ಅದನ್ನು ಒಂದಿಷ್ಟು ಅಗಲ ಕೊರೆಸಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕುತ್ತಾರೆ. ಇದಕ್ಕೆ ಬೋರ್ ಮಾಡಿಸುವುದು ಎನ್ನುತ್ತಾರೆ. ಪ್ರತಿ ಸಲ ಹೆಚ್ಚುವುದು ಕಾಲು ಮಿಲಿಮೀಟರ್: 65.25, 65.50, 65.75, 66. ಆಮೇಲೆ ಕೊಳವೆಗೆ ಆಯುಸ್ಸು ಇಲ್ಲ.

ಕಾಲು ಮಿಲಿಮೀಟರ್ ಎಂದರೆ ಎಷ್ಟು? ಐನೂರು ಹಾಳೆಯ ಬಿಳಿ ಕಾಗದದ ಕಟ್ಟು ಸುಮಾರು ಐದು ಸೆಂಟಿಮೀಟರ್ ದಪ್ಪ ಇರುತ್ತದೆ. ಭಾಗಿಸಿದರೆ ಒಂದು ಹಾಳೆಗೆ ಮಿಲಿಮೀಟರಿನ ಹತ್ತನೇ ಒಂದು ಭಾಗ. ಅಂದರೆ ಒಂದು ಬೋರಿಗೂ ಇನ್ನೊಂದು ಬೋರಿಗೂ ಎರಡೂವರೆ ಹಾಳೆಯಷ್ಟೇ ವ್ಯತ್ಯಾಸ. ಪಿಸ್ಟನ್ನಿಗೂ ಕೊಳವೆಗೂ ನಡುವೆ ಬಿಡಬೇಕಾದ ಸಂದು ಅದಕ್ಕಿಂತಲೂ ಕಡಿಮೆ. ಹೆಚ್ಚುಕಡಿಮೆ ಒಂದು ಕೂದಲೆಳೆಯ ದಪ್ಪ.

"ಅಷ್ಟು ಸಂದಾದರೂ ಯಾಕೆ ಬಿಡಬೇಕು?" ಎಂದು ಕೇಳಿದಳು.

ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಿದ ಅಜ್ಜಂದಿರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಪಟ್ಟಿಯನ್ನು ಬೆಂಕಿಯಲ್ಲಿ ಕಾಯಿಸಿದರೆ ಅದು ಹಿಗ್ಗಿ ಚಕ್ರದ ಮೇಲೆ ಕೂರುತ್ತದೆ. ನೀರು ಹೊಯ್ದರೆ ಕುಗ್ಗಿ ಬಿಗಿಯಾಗುತ್ತದೆ. ಪಿಸ್ಟನ್ ಅಲ್ಯೂಮಿನಿಯಂನದು. ಬಿಸಿಯಾದಾಗ ಅದು ಬೀಡು ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. ಸಂದು ಸಾಲದಿದ್ದರೆ ಓಡುತ್ತಿರುವಾಗಲೇ ಕೊಳವೆಯೊಳಗೆ ಕಚ್ಚಿ ನಿಲ್ಲುತ್ತದೆ. ಮೆಕ್ಯಾನಿಕ್ಕುಗಳು 'ಎಂಜಿನ್ ಸೀಜ್ ಆಯ್ತು' ಎನ್ನುವುದು ಇದಕ್ಕೆ. ಸಂದು ಹೆಚ್ಚಾದರೆ ಪಿಸ್ಟನ್ ಅತ್ತಿತ್ತ ಬಡಿದು ಟಕಟಕ ಶಬ್ದ, ಜತೆಗೆ ಶಕ್ತಿಯೂ ಇಲ್ಲ.

ನಮ್ಮ ಜಾವಾಕ್ಕೆ ಆದದ್ದು

ಅಪ್ಪನ ಕಾಲದಲ್ಲೇ ಒಂದು ಸಲ ಬೋರ್ ಆಗಿತ್ತು. ಇಪ್ಪತ್ತು ವರ್ಷದ ಹಿಂದೆ ಎರಡನೇ ಸಲ ಮಾಡಿಸಬೇಕಾಗಿ ಬಂದು, ನಾನು ಬ್ಲಾಕ್ ಬಿಚ್ಚಿಸಿ ಒಂದು ಲೇತ್ ಅಂಗಡಿಗೆ ಒಯ್ದೆ. ಊರು, ಹೆಸರು ಬೇಡ. ಮಾರನೇ ವಾರ ಮನೆಯಲ್ಲಿ ಮದುವೆ, ನನಗೆ ಗಾಡಿ ಬೇಕಿತ್ತು. "ಪಿಸ್ಟನ್ ಆಮೇಲೆ ತರ್ತೇನೆ, ನೀವು ಮೊದಲು 65.50ಕ್ಕೆ ಬೋರ್ ಮಾಡಿಬಿಡಿ, ಸಂಜೆಗೆ ಕೊಡಿ ಮಾರಾಯ್ರೆ" ಅಂದೆ. ಆತ ಮಾಡಿಕೊಟ್ಟ.

ಎರಡು ದಿನ ಬಿಟ್ಟು ಪಿಸ್ಟನ್ ಸಿಕ್ಕಿತು. ಕೂರಿಸುವಾಗ ಸ್ವಲ್ಪ ಬಿಗಿ ಎನಿಸಿತು. "ಓಡ್ತಾ ಓಡ್ತಾ ಸರಿಯಾಗುತ್ತೆ" ಎಂದುಕೊಂಡೆವು. ಕೊಟ್ಟಿಗೆಹಾರದ ಏರಿನಲ್ಲಿ ಹಿಂದಿನ ಚಕ್ರ ಒಮ್ಮೆಲೇ ನಿಂತು ಗಾಡಿ ಜಾರಿತು. ಹಿಂದೆ ಬಸ್ಸು ಬರುತ್ತಿತ್ತು. ಡ್ರೈವರ್ ಬ್ರೇಕ್ ಹಾಕಿದ್ದರಿಂದ ನಾನು ಉಳಿದೆ. ಗಾಡಿಯನ್ನು ಜೀಪಿನಲ್ಲಿ ಹಾಕಿಸಿ ತಂದು ಕೊಟ್ಟಿಗೆಯಲ್ಲಿಟ್ಟೆ. ಗೋಣಿಚೀಲ ಹೊದೆಸಿದೆ.

"ಆ ಲೇತಿನವರು ನಿಮಗೆ ಮೋಸ ಮಾಡಿದ್ರಾ ಅಜ್ಜಾ?"

ಇಲ್ಲ. ಆತ ಒಳ್ಳೆಯವನೇ. ದುಡ್ಡೂ ಹೆಚ್ಚು ತೆಗೆದುಕೊಂಡಿರಲಿಲ್ಲ. ಪಿಸ್ಟನ್ ಕೈಯಲ್ಲಿಲ್ಲದೆ, ಅದನ್ನು ಅಳೆಯದೆ ಕೊರೆದ. ಹಾಗೆ ಕೊರೆಯುವಂತೆ ಅವಸರ ಮಾಡಿದವನು ನಾನು. ನಂಬಿಕೆಯ ಮೇಸ್ತ್ರಿ ಎಂದರೆ ಬರೀ ಪ್ರಾಮಾಣಿಕ ಮನುಷ್ಯ ಎಂದು ನಾನು ಅಂದುಕೊಂಡಿದ್ದೆ. ಅಷ್ಟು ಸಾಲದು. ಗಿರಾಕಿ ಎಷ್ಟೇ ಅವಸರ ಮಾಡಿದರೂ ಅಳೆಯದೆ ಕೊರೆಯದವನು ಬೇಕು.

ಯಾರನ್ನು ಕೇಳುವುದು?

ಮೊಮ್ಮಗಳ ಹಟಕ್ಕೆ ಮತ್ತೆ ಹುಡುಕಾಟ ಶುರುವಾಯಿತು. ಈ ಸಲ ಬೈಕಿನವರನ್ನು ಕೇಳಲಿಲ್ಲ. ಪಕ್ಕದ ಎಸ್ಟೇಟಿನ ರೈಟರನ್ನು ಕೇಳಿದೆ: "ಸೀಸನ್ನಿನಲ್ಲಿ ಪಲ್ಪರ್ ಕೆಟ್ಟರೆ ಯಾರ ಹತ್ತಿರ ಒಯ್ತೀರಿ?"

ಇದರ ಹಿಂದೆ ಒಂದು ಲೆಕ್ಕವಿದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವೇ ಪಲ್ಪರ್. ಕೊಯ್ದ ಹಣ್ಣನ್ನು ಅಂದೇ ಪಲ್ಪರಿಗೆ ಹಾಕಬೇಕು. ರಾಶಿ ಬಿದ್ದರೆ ಹುಳಿ ಬರುತ್ತದೆ, ಬೀಜದ ರುಚಿ ಕೆಡುತ್ತದೆ. ಪಲ್ಪರಿನ ಶಾಫ್ಟ್ ತಪ್ಪು ಅಳತೆಗೆ ಆದರೆ ಇಡೀ ದಿನದ ಕೊಯ್ಲು ನಷ್ಟ. ಹಾಗಾಗಿ ತೋಟದವರು ಕೈ ನೋಡದೆ ಯಾರಿಗೂ ಪಲ್ಪರ್ ಕೊಡುವುದಿಲ್ಲ. ನಮ್ಮ ಗುಡ್ಡದ ಊರುಗಳ ಲೇತ್ ಅಂಗಡಿಗಳು ಬದುಕಿರುವುದೇ ಪಲ್ಪರ್, ಪಂಪ್‌ಸೆಟ್, ಸ್ಪ್ರೇಯರ್, ಜೀಪುಗಳಿಂದ. ಹತ್ತು ವರ್ಷ ಅದೇ ತೋಟದ ಪಲ್ಪರ್ ಒಬ್ಬರ ಹತ್ತಿರವೇ ಹೋಗುತ್ತಿದೆ ಎಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿಲ್ಲ.

ರೈಟರು ಚಿಕ್ಕಮಗಳೂರಿನ ಒಬ್ಬ ಮೇಸ್ತ್ರಿಯ ಹೆಸರು ಹೇಳಿದರು. ಜೀಪಿನ ಡ್ರೈವರನ್ನು ಕೇಳಿದೆ. ಅವನೂ ಅದೇ ಹೆಸರು ಹೇಳಿದ. ಬ್ಲಾಕನ್ನು ಬಟ್ಟೆಯಲ್ಲಿ ಸುತ್ತಿ, ಕಾಫಿ ಚೀಲಕ್ಕೆ ಹಾಕಿ, ಮೊಮ್ಮಗಳನ್ನೂ ಕರೆದುಕೊಂಡು ಬಸ್ಸು ಹತ್ತಿದೆ.

ಮೊದಲು ತೊಳೆದರು, ಆಮೇಲೆ ಅಳೆದರು

ಸಣ್ಣ ಅಂಗಡಿ. ಒಳಗೆ ಒಂದು ಹಳೇ ಲೇತು. ಅದರ ಮೈಮೇಲೆ ಮೈಸೂರು ಕಿರ್ಲೋಸ್ಕರ್ ಹೆಸರು. ಹರಿಹರದಲ್ಲಿ ಲೇತ್ ತಯಾರಿಸುತ್ತಿದ್ದ ಆ ಕಾರ್ಖಾನೆಯೂ ನಮ್ಮ ಜಾವಾ ಕಾರ್ಖಾನೆಯ ಹಾಗೇ ಮುಚ್ಚಿಹೋಗಿದೆ. ಮೂಲೆಯಲ್ಲಿ ಬೋರಿಂಗ್ ಮಷಿನ್. ಗೋಡೆಯ ಕಪಾಟಿನಲ್ಲಿ ಅಳತೆಯ ಸಾಮಾನುಗಳು, ಒಂದೊಂದೂ ಅದರದರ ಪೆಟ್ಟಿಗೆಯಲ್ಲಿ. ನೆಲದ ಮೇಲೆ ಎಷ್ಟೇ ಕಬ್ಬಿಣದ ಪುಡಿ ಇರಲಿ, ಅಳತೆಯ ಸಾಮಾನು ಮಾತ್ರ ಚೊಕ್ಕ. ನನಗೆ ಅರ್ಧ ನಂಬಿಕೆ ಅಲ್ಲೇ ಬಂತು.

ಮೇಸ್ತ್ರಿ ಬ್ಲಾಕನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಒಳಗೆ ಬೋರ್ ಗೇಜ್ ಇಳಿಸಿದರು. ಮೇಲೆ, ನಡುವೆ, ಕೆಳಗೆ ಅಳೆದರು. ಗೇಜನ್ನು ಅಡ್ಡಕ್ಕೆ ತಿರುಗಿಸಿ ಮತ್ತೆ ಮೂರು ಕಡೆ ಅಳೆದರು. ಆರೂ ಸಂಖ್ಯೆಯನ್ನು ಸ್ಲೇಟಿನ ಮೇಲೆ ಬರೆದರು.

"ಒಂದು ಸಲ ಅಳೆದ್ರೆ ಸಾಕಲ್ವಾ ಮಾಮ?" ಎಂದು ಕೇಳಿದಳು ಮೊಮ್ಮಗಳು.

"ಸಾಲದು ಪುಟ್ಟಿ. ಕೊಳವೆ ಎಲ್ಲಾ ಕಡೆ ಒಂದೇ ಸಮ ಸವೆಯೋದಿಲ್ಲ. ದುಂಡಗಿರೋದು ಮೊಟ್ಟೆ ಥರ ಆಗಿರುತ್ತೆ. ಕಣ್ಣಿಗೆ ಕಾಣೋದಿಲ್ಲ. ಗೇಜಿಗೆ ಕಾಣುತ್ತೆ."

ಆಮೇಲೆ ನನ್ನ ಕಡೆ ತಿರುಗಿ, "ಪಿಸ್ಟನ್ ಎಲ್ಲಿ ಸ್ವಾಮಿ?" ಎಂದರು.

"ನೀವು ಅಳತೆ ಹೇಳಿದ ಮೇಲೆ ತರೋಣ ಅಂತ..."

"ಒಳ್ಳೇದಾಯ್ತು. 65.75 ಪಿಸ್ಟನ್ ತನ್ನಿ. ಅದು ನನ್ನ ಕೈಗೆ ಬರೋ ತನಕ ನಾನು ಮಷಿನ್ ಚಾಲೂ ಮಾಡೋದಿಲ್ಲ. ಡಬ್ಬಿ ಮೇಲೆ ಬರೆದ ನಂಬರ್ ನೋಡಿ ಬೋರ್ ಮಾಡೋಕಾಗಲ್ಲ. ಪಿಸ್ಟನ್ ಅಳೆದು ಮಾಡ್ಬೇಕು."

ನಾನು ಇಪ್ಪತ್ತು ವರ್ಷದ ಹಿಂದೆ ಕೇಳಬೇಕಿದ್ದ ಮಾತು ಅದು. ಬ್ಲಾಕಿನಲ್ಲಿ ಸೀಜ್ ಆದ ಗೀರುಗಳನ್ನು ಬೆರಳಿನಿಂದ ಸವರಿ ಅವರು ಇನ್ನೂ ಮೂರು ವಿಷಯ ಹೇಳಿದರು. 65.75ಕ್ಕೆ ಗೀರು ಪೂರ್ತಿ ಹೋಗುತ್ತದೆ ಎಂಬ ಭರವಸೆ ಕೊಡಲಾಗದು, ಹೋಗದಿದ್ದರೆ ನಿಲ್ಲಿಸಿ ಫೋನ್ ಮಾಡುತ್ತೇನೆ. ಅದೂ ಮೀರಿದರೆ ಒಳಗೆ ಹೊಸ ಸ್ಲೀವ್ ಹಾಕಿಸಬೇಕು, ಟೂ ಸ್ಟ್ರೋಕ್ ಎಂಜಿನ್ನಿಗೆ ಸ್ಲೀವಿನಲ್ಲೂ ಕಿಟಕಿಗಳನ್ನು ಕರಾರುವಾಕ್ಕಾಗಿ ಕೊರೆಯಬೇಕು, ಆ ಕೆಲಸ ನನ್ನದಲ್ಲ. ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗಿದ್ದರೆ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಚ್ಚಿ ಮತ್ತೆ ಸಾಲು ಹೊಂದಿಸಬೇಕು, ಅದಕ್ಕೂ ನೀವು ಮೈಸೂರಿನ ಹಳೇ ಕೈಗಳನ್ನೇ ಹುಡುಕಿ.

'ನನ್ನಿಂದ ಆಗುವುದಿಲ್ಲ' ಎಂದು ಎರಡು ಸಲ ಹೇಳಿದ ಮನುಷ್ಯನಿಗೆ ನಾನು ಬ್ಲಾಕ್ ಬಿಟ್ಟು ಬಂದೆ.

ಕಿಟಕಿಯ ಅಂಚು

ಟೂ ಸ್ಟ್ರೋಕ್ ಎಂಜಿನ್ನಿನ ಕೊಳವೆಯ ಗೋಡೆಯಲ್ಲಿ ಕಿಟಕಿಯಂಥ ತೂತುಗಳಿರುತ್ತವೆ. ಪೆಟ್ರೋಲಿನ ಗಾಳಿ ಒಳಬರುವುದು, ಹೊಗೆ ಹೊರಹೋಗುವುದು ಅವುಗಳ ಮೂಲಕವೇ. ಮೆಕ್ಯಾನಿಕ್ಕುಗಳು ಇವನ್ನು ಪೋರ್ಟ್ ಎನ್ನುತ್ತಾರೆ. ಬೋರ್ ಮಾಡಿದಾಗ ಈ ಕಿಟಕಿಗಳ ಅಂಚು ಚೂರಿಯಂತೆ ಹರಿತವಾಗುತ್ತದೆ. ಪಿಸ್ಟನ್ನಿನ ಸುತ್ತ ಇರುವ ತೆಳು ರಿಂಗು ಓಡುವಾಗ ಅಲ್ಲಿ ಸಿಕ್ಕಿ ಮುರಿಯಬಹುದು. ಹಾಗಾಗಿ ಅಂಚನ್ನು ನಯವಾಗಿ ಸವರಬೇಕು. ಬರೀ ಪಂಪ್‌ಸೆಟ್ಟು, ಕಾರು, ಜೀಪು ಮಾಡುವವರಿಗೆ ಈ ಅಭ್ಯಾಸ ಇರುವುದಿಲ್ಲ. ಅವುಗಳಲ್ಲಿ ಇಂಥ ಕಿಟಕಿಗಳೇ ಇಲ್ಲವಲ್ಲ.

"ಪೋರ್ಟಿನ ಅಂಚು ಸವರ್ತೀರಾ?" ಎಂದು ನೀವೇ ಕೇಳಿ ನೋಡಿ. 'ಅದೇನದು?' ಎಂದರೆ ಬ್ಲಾಕನ್ನು ಚೀಲಕ್ಕೆ ಹಾಕಿಕೊಂಡು ಹೊರಡುವುದು ವಾಸಿ.

ಕೊರೆದ ಮೇಲೆ ಹೋನಿಂಗ್ ಎಂಬ ಇನ್ನೊಂದು ಕೆಲಸ. ಸಾಣೆಕಲ್ಲಿನಿಂದ ಒಳಮೈಗೆ ಜಾಲರಿಯಂತೆ ಸಣ್ಣ ಗೆರೆ ಎಳೆಯುತ್ತಾರೆ. ಆಯಿಲ್ ನಿಲ್ಲುವುದು ಆ ಗೆರೆಗಳಲ್ಲಿ. ಕನ್ನಡಿಯಂತೆ ಪೂರ್ತಿ ನುಣುಪು ಮಾಡಿದರೆ ಆಯಿಲ್ ಜಾರಿಹೋಗುತ್ತದೆ.

ಮೈಸೂರಿನಿಂದ ಪಿಸ್ಟನ್ ತರಿಸಿ ಕೊಡುವ ಹೊತ್ತಿಗೆ ನವೆಂಬರ್ ಬಂತು. ಅರೇಬಿಕಾ ಕೊಯ್ಲು ಶುರುವಾಗಿತ್ತು. "ಸ್ವಾಮಿ, ಮೂರು ಪಲ್ಪರ್ ಕಾಯ್ತಿವೆ. ನಿಮ್ಮ ಜಾವಾ ಇಪ್ಪತ್ತು ವರ್ಷ ಕಾದಿದೆ, ಇನ್ನು ಹದಿನೈದು ದಿನ ಕಾಯ್ಲಿ" ಎಂದರು ಮೇಸ್ತ್ರಿ. ಈ ಸಲ ನಾನು ಅವಸರ ಮಾಡಲಿಲ್ಲ.

ನಿಮ್ಮ ಕೊಟ್ಟಿಗೆಯಲ್ಲೂ ಹಳೇ ಗಾಡಿ ಇದ್ದರೆ

1. ಬೈಕಿನವರ ಜತೆಗೆ ಪಲ್ಪರ್, ಪಂಪ್‌ಸೆಟ್, ಜೀಪಿನವರನ್ನೂ ಕೇಳಿ. ಎರಡು ಮೂರು ಬಾಯಲ್ಲಿ ಒಂದೇ ಹೆಸರು ಬಂದರೆ ಅಲ್ಲಿಗೆ ಹೋಗಿ.

2. ಮೊದಲ ಸಲ ಸಣ್ಣ ಕೆಲಸ ಕೊಟ್ಟು ನೋಡಿ. ಒಂದು ಬುಷ್ ಮಾಡಿಸಿ. ಕೂರುವ ರೀತಿಯಲ್ಲೇ ಕೈ ಗೊತ್ತಾಗುತ್ತದೆ.

3. ಪಿಸ್ಟನ್ ಕೈಗೆ ಕೊಡದೆ ಬೋರ್ ಮಾಡಿಸಬೇಡಿ.

4. ಏನು ಮಾಡಬೇಕು, ಎಷ್ಟು ಅಳತೆಗೆ ಎಂದು ಚೀಟಿಯಲ್ಲಿ ಬರೆದು ಕೊಡಿ. ಕೆಲಸ ಮುಗಿದ ಮೇಲಿನ ಅಳತೆಯನ್ನೂ ಬರೆಸಿಕೊಳ್ಳಿ. ಮುಂದಿನ ಸಲ ಗಾಡಿ ಬಿಚ್ಚುವವರು ನಿಮ್ಮ ಮೊಮ್ಮಕ್ಕಳಿರಬಹುದು.

5. ಹಳೇ ಭಾಗಗಳನ್ನು ವಾಪಸ್ ಕೇಳಿ. ಹೊಸದು ಸರಿಹೋಗದಿದ್ದರೆ ಅಳತೆಗೆ ಹಳೆಯದೇ ಆಧಾರ.

6. ಬಿಎಸ್‌ಎ, ನಾರ್ಟನ್, ಟ್ರಯಂಫ್‌ನಂಥ ಹಳೇ ಬ್ರಿಟಿಷ್ ಗಾಡಿಯಾದರೆ ಬೋಲ್ಟಿನ ಥ್ರೆಡ್ ಬಗ್ಗೆ ಎಚ್ಚರ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಥ್ರೆಡ್ಡಿಗೆ ಒಂದು ಗೊತ್ತಾದ ಅಳತೆ ಸೂಚಿಸಿದ. ಅಲ್ಲಿಯ ಗಾಡಿಗಳು ಬಹುಕಾಲ ಇಂಚಿನ ಲೆಕ್ಕದ ಥ್ರೆಡ್ಡನ್ನೇ ಬಳಸಿದವು. ಜಾವಾದ್ದು ಮಿಲಿಮೀಟರ್ ಲೆಕ್ಕ. ಒಂದಕ್ಕೆ ಇನ್ನೊಂದನ್ನು ಬಲವಂತವಾಗಿ ತಿರುಗಿಸಿದರೆ ಎರಡೂ ಹಾಳು. ಥ್ರೆಡ್ ಗೇಜ್ ಇಟ್ಟು ನೋಡುವ ಮೇಸ್ತ್ರಿ ಸಿಕ್ಕರೆ ಬಿಡಬೇಡಿ.

7. ಎಂಜಿನ್ ನಂಬರ್, ಚಾಸಿಸ್ ನಂಬರ್ ಇರುವ ಜಾಗವನ್ನು ಉಜ್ಜದಂತೆ ಮೊದಲೇ ಹೇಳಿ. ಅದು ಅಳಿಸಿದರೆ ಗಾಡಿಯ ದಾಖಲೆಪತ್ರಕ್ಕೆ ತೊಂದರೆ.

8. ಮಕ್ಕಳನ್ನು ಕರೆದೊಯ್ಯಿರಿ. ಆದರೆ ತಿರುಗುವ ಲೇತಿನಿಂದ ದೂರ ನಿಲ್ಲಿಸಿ. ಸಡಿಲ ತೋಳು, ದುಪಟ್ಟಾ, ಬಿಚ್ಚುಗೂದಲು ಹತ್ತಿರ ಸುಳಿಯಕೂಡದು.

ಮತ್ತೆ ಕೊಟ್ಟಿಗೆಹಾರದ ದಾರಿ

ಡಿಸೆಂಬರಿನ ಮೊದಲ ವಾರ ಬ್ಲಾಕ್ ಬಂತು. 65.75ಕ್ಕೆ ಗೀರು ಹೋಗಿತ್ತು. ಜತೆಯಲ್ಲಿ ಒಂದು ಚೀಟಿ: ಆರು ಅಳತೆ, ಪಿಸ್ಟನ್ ಅಳತೆ, ಬಿಟ್ಟ ಸಂದು, ತಾರೀಕು. ಹಳೇ ಪಿಸ್ಟನ್ನನ್ನೂ ಕಾಗದದಲ್ಲಿ ಸುತ್ತಿ ಇಟ್ಟಿದ್ದರು. ಪುಣ್ಯಕ್ಕೆ ಕ್ರ್ಯಾಂಕ್ ಚೆನ್ನಾಗಿತ್ತು. ಮೆಕ್ಯಾನಿಕ್ ಜೋಡಿಸಿದ. ಪೆಟ್ರೋಲಿಗೆ ಆಯಿಲ್ ಬೆರೆಸಿದೆವು.

ಮೊಮ್ಮಗಳಿಗೆ ಆಗ ಶಾಲೆ. ಫೋನಿನಲ್ಲಿ ಕೇಳಿಸಬೇಕೆಂದು ಹಟ. ಮಗ ಫೋನ್ ಹಿಡಿದು ನಿಂತ. ಏಳನೇ ಕಿಕ್ಕಿಗೆ ನೀಲಿ ಹೊಗೆ, ಆಮೇಲೆ ಆ ಶಬ್ದ. ಅಡುಗೆಮನೆಯಿಂದ ನನ್ನ ಹೆಂಡತಿ ಹೊರಗೆ ಬಂದು, ಏನೂ ಮಾತಾಡದೆ ಬಾಗಿಲಲ್ಲೇ ನಿಂತು ಕೇಳಿದಳು. ಮದುವೆಯಾದ ಹೊಸತರಲ್ಲಿ ಅವಳು ಈ ಮನೆಗೆ ಬಂದದ್ದೂ ಆ ಗಾಡಿಯ ಹಿಂದೆ ಕೂತೇ.

ಹೊಸ ಬೋರಿನ ಗಾಡಿಯನ್ನು ಮೊದಲ ಕೆಲವು ನೂರು ಕಿಲೋಮೀಟರ್ ಮೆಲ್ಲಗೆ ಓಡಿಸಬೇಕು. ಏರು ಕಂಡರೆ ಗೇರ್ ಇಳಿಸಬೇಕು, ಬಿಸಿಯಾದರೆ ನಿಲ್ಲಿಸಬೇಕು. ಸಂಕ್ರಾಂತಿಗೆ ಮೊಮ್ಮಗಳು ಬಂದಾಗ ಹಾಗೆಯೇ ಹೋಗಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಬಂದೆವು. ನಾನು ಬಿದ್ದ ತಿರುವನ್ನು ಅವಳಿಗೆ ತೋರಿಸಿದೆ.

ಮಾರನೇ ದಿನ ಎಳ್ಳುಬೆಲ್ಲ ಕೊಡಲು ಚಿಕ್ಕಮಗಳೂರಿಗೆ ಹೋದಾಗ ಮೇಸ್ತ್ರಿ ಅವಳ ಕೈಗೆ ಮೈಕ್ರೋಮೀಟರ್ ಕೊಟ್ಟು, ಅವಳದೇ ತಲೆಗೂದಲನ್ನು ಅಳೆಯಲು ಕಲಿಸಿದರು. ತನ್ನ ನಂತರ ಅಂಗಡಿ ನೋಡಿಕೊಳ್ಳಲು ಯಾರೂ ಇಲ್ಲವೆಂದು ನನ್ನ ಹತ್ತಿರ ಹೇಳಿದರು. ಮಗ ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದಾನೆ, ಕಲಿಯಲು ಬರುವ ಹುಡುಗರು ತಿಂಗಳು ನಿಲ್ಲುವುದಿಲ್ಲ.

"ಇದನ್ನ ಕಲಿಯೋಕೆ ಏನು ಓದಬೇಕು ಮಾಮ?" ಎಂದಳು ಇವಳು.

"ಹತ್ತನೇ ಕ್ಲಾಸ್ ಮುಗಿಸಿ ಐಟಿಐಗೆ ಸೇರಿದ್ರೆ ಟರ್ನರ್ ಅಂತ ಎರಡು ವರ್ಷದ ಕೋರ್ಸ್ ಇದೆ. ಆಮೇಲೆ ಹತ್ತು ವರ್ಷ ಇಲ್ಲಿ."

"ಹುಡುಗೀರೂ ಸೇರಬಹುದಾ?"

ಮೇಸ್ತ್ರಿ ನಕ್ಕರು. "ನೀನೀಗ ಅಳೆದ ಕೂದಲು ಎಷ್ಟು ಬಂತು, ಮೊದಲು ಅದು ಹೇಳು."

ಅವಳು ಹೇಳಲಿಲ್ಲ. ಮೈಕ್ರೋಮೀಟರನ್ನು ಬೆಳಕಿಗೆ ಹಿಡಿದು ಇನ್ನೊಂದು ಸಲ ಅಳೆದಳು. ಮೇಸ್ತ್ರಿ ನನ್ನ ಮುಖ ನೋಡಿ ತಲೆಯಾಡಿಸಿದರು.